ಎಣಿಕೆ ಸರಿ ಇತ್ತು, ಅಜ್ಜಿ ಇರಲಿಲ್ಲ

(ಶಿರಸಿಯಲ್ಲಿ ಪ್ರವಾಸೋದ್ಯಮ ಓದುವ ಹುಡುಗ ಹುಡುಗಿಯರು, ಹೋಮ್‌ಸ್ಟೇ ನಡೆಸುವವರು, ಒಂದಿಷ್ಟು ಡ್ರೈವರ್‌ಗಳು ಸೇರಿದ್ದ ಸಭೆಯಲ್ಲಿ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ಕತ್ತರಿಸಿದ್ದೇನೆ. ಮೈಕು ಕೈಕೊಟ್ಟ ಹತ್ತು ನಿಮಿಷ ಇದರಲ್ಲಿ ಇಲ್ಲ.)

ಎಲ್ಲರಿಗೂ ನಮಸ್ಕಾರ. ನೀವು ಒಟ್ಟು 73 ಜನ ಇದ್ದೀರಿ. ಹಿಂದೆ ಬಾಗಿಲ ಹತ್ತಿರ ನಿಂತು ಫೋನಿನಲ್ಲಿ ಮಾತಾಡುತ್ತಿರುವ ಅಣ್ಣನನ್ನೂ ಸೇರಿಸಿ. ಎಣಿಸಿ ಎಂದು ಯಾರೂ ಹೇಳಿರಲಿಲ್ಲ. ಸುಮ್ನೆ ಅಭ್ಯಾಸ. ಮದುವೆ ಮನೆಗೆ ಹೋದರೆ ಊಟದ ಪಂಕ್ತಿ ಎಣಿಸುತ್ತೇನೆ. ದೇವಸ್ಥಾನದ ಸಾಲಿನಲ್ಲಿ ನಿಂತರೆ ಮುಂದಿನವರನ್ನು ಎಣಿಸುತ್ತೇನೆ. 24 ವರ್ಷ ಬಸ್ಸಿನ ಮೊದಲ ಸೀಟಿನಲ್ಲಿ ಕೂತವಳಿಗೆ ಇದು ವಾಸಿಯಾಗುವ ರೋಗ ಅಲ್ಲ.

ಆಹ್ವಾನ ಪತ್ರಿಕೆಯಲ್ಲಿ ನನ್ನ ಹೆಸರಿನ ಕೆಳಗೆ ‘ಟೂರ್ ಡೈರೆಕ್ಟರ್’ ಎಂದು ಹಾಕಿದ್ದೀರಿ. ಅಮೆರಿಕದ ಕಡೆ ಹಾಗೆ ಕರೆಯುತ್ತಾರೆ. ನಮ್ಮಲ್ಲಿ ಟೂರ್ ಮ್ಯಾನೇಜರ್. ಕೆಲಸ ಒಂದೇ. ನಮ್ಮ ಆಯಿಗೆ, ಅಂದರೆ ಅಮ್ಮನಿಗೆ, ಎರಡೂ ಅರ್ಥವಾಗಲಿಲ್ಲ. ಅಕ್ಕಪಕ್ಕದವರು ಕೇಳಿದರೆ “ಅದು ಬಸ್ಸಿನ ಮೇಲೆ ಇರ್ತು” ಎನ್ನುತ್ತಿದ್ದಳು. ನನ್ನನ್ನು ಕಂಡಕ್ಟರ್ ಅಂದುಕೊಂಡವರೇ ಊರಲ್ಲಿ ಜಾಸ್ತಿ.

ಗೈಡ್ ಬೇರೆ, ನಾವು ಬೇರೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಗೈಡ್ ಸ್ಥಳಕ್ಕೆ ಸೇರಿದವನು. ಹಂಪಿಯಲ್ಲಿ ಹತ್ತುತ್ತಾನೆ, ಎರಡು ಮೂರು ಗಂಟೆ ವಿವರಿಸುತ್ತಾನೆ, ಇಳಿದು ಹೋಗುತ್ತಾನೆ. ನಾವು ಗುಂಪಿಗೆ ಸೇರಿದವರು. ಮೊದಲ ಪ್ರಯಾಣಿಕ ಹತ್ತುವ ಮೊದಲೇ ಇರಬೇಕು, ಕೊನೆಯವರು ಇಳಿದ ಮೇಲೆ ಸೀಟಿನಡಿ ಬಿದ್ದ ಕನ್ನಡಕ ಹುಡುಕಿ ಇಳಿಯಬೇಕು. ಇಟಲಿಯಲ್ಲಂತೂ ಈ ಗೆರೆ ಕಟ್ಟುನಿಟ್ಟು. ಲೈಸೆನ್ಸ್ ಇರುವ ಗೈಡ್ ಮಾತ್ರ ಸ್ಮಾರಕಗಳಲ್ಲಿ ವಿವರಣೆ ಕೊಡಬೇಕು. ರೋಮಿನ ಕೊಲೊಸಿಯಮ್ ಎದುರು ನಾನು ಬಾಯಿ ಮುಚ್ಚಿಕೊಂಡು ನೀರಿನ ಬಾಟಲಿ ಹಿಡಿದು ನಿಲ್ಲುವವಳು.

ನಮ್ಮ ಕಡೆಯವರಿಗೆ ಅರ್ಥವಾಗುವ ಹಾಗೆ ಹೇಳಬೇಕೆಂದರೆ, ಟೂರ್ ಮ್ಯಾನೇಜರ್ ಎಂದರೆ ಯಕ್ಷಗಾನದ ಭಾಗವತರು. ಕಿರೀಟ ಇಲ್ಲ, ಗೆಜ್ಜೆ ಇಲ್ಲ. ರಂಗದ ಹಿಂಬದಿಯಲ್ಲಿ ಕೂತಿರುತ್ತಾರೆ. ಆದರೆ ಯಾರು ಯಾವಾಗ ಬರಬೇಕು, ಎಷ್ಟು ಕುಣಿಯಬೇಕು, ಯಾವ ಪದ್ಯ ಎಳೆಯಬೇಕು, ಯಾವುದನ್ನು ಹಾರಿಸಬೇಕು, ಎಲ್ಲ ಅವರ ಜಾಗಟೆಯ ಮೇಲೆ. ಅದರಲ್ಲೂ ಈಗಿನ ಕಾಲಮಿತಿ ಆಟಗಳನ್ನು ನೋಡಿ. ಬೆಳಗಿನ ತನಕ ನಡೆಯಬೇಕಾದ ಪ್ರಸಂಗವನ್ನು ಮೂರು ಗಂಟೆಗೆ ತರಬೇಕು. ನೂರಾರು ಪದ್ಯ ಬಾಯಿಪಾಠ ಇದ್ದವರು ಸಾಕಷ್ಟು ಜನ ಸಿಗುತ್ತಾರೆ. ಯಾವ ಪದ್ಯ ಬಿಟ್ಟರೆ ಕಥೆ ಕೆಡುವುದಿಲ್ಲ ಎಂದು ಗೊತ್ತಿರುವವರು ಕಡಿಮೆ. ನಾನು ಇವತ್ತು ಮಾತಾಡಲು ಬಂದಿರುವುದು ಆ ಬಿಡುವ ಕೆಲಸದ ಬಗ್ಗೆಯೇ. ಯಾಕೆಂದರೆ ನಮ್ಮ ಕಸುಬಿನಲ್ಲಿ ಬಿಟ್ಟದ್ದಕ್ಕೆ ಯಾರೂ ದುಡ್ಡು ಕೊಡುವುದಿಲ್ಲ, ಸೇರಿಸಿದ್ದಕ್ಕೆ ಮಾತ್ರ ಕೊಡುತ್ತಾರೆ.

ಈ ಕಸುಬು ಶುರುವಾದ ಕಥೆ ನಿಮ್ಮ ಪಠ್ಯದಲ್ಲಿ ಇರುತ್ತದೆ. 1841ರ ಜುಲೈ 5. ಥಾಮಸ್ ಕುಕ್ ಇಂಗ್ಲೆಂಡಿನ ಲೆಸ್ಟರ್‌ನಿಂದ ಲಾಫ್‌ಬರೋಗೆ ಸುಮಾರು 500 ಜನರನ್ನು ರೈಲಿನಲ್ಲಿ ಕರೆದುಕೊಂಡು ಹೋದ. ತಲೆಗೆ ಒಂದು ಶಿಲ್ಲಿಂಗ್. ಹೋಗಿದ್ದು ಎಲ್ಲಿಗೆ? ಕುಡಿತ ಬಿಡಿಸುವವರ ಸಭೆಗೆ. ಮೂವತ್ತು ವರ್ಷದ ನಂತರ ಅದೇ ಮನುಷ್ಯ 222 ದಿನಗಳ ಭೂಮಿ ಸುತ್ತುವ ಪ್ರವಾಸಕ್ಕೆ ಜನರನ್ನು ಕಟ್ಟಿಕೊಂಡು ಹೊರಟ. ತಾನೇ ಜೊತೆಗೆ ಹೋದ. ಅವನೇ ನಮ್ಮ ಮೂಲಪುರುಷ. ಕಾರವಾರ ದಾಟಿ ಮಾಜಾಳಿಯಲ್ಲಿ ಗೋವಾ ಗಡಿ ಮುಟ್ಟಿದ ಕೂಡಲೇ ಹಿಂದಿನ ಸೀಟುಗಳಿಂದ “ಮೇಡಂ, ಇಲ್ಲಿ ಹತ್ತು ನಿಮಿಷ” ಎಂಬ ಕೂಗು ಏಳುತ್ತದಲ್ಲ, ಆಗೆಲ್ಲ ನನಗೆ ಆ ಪುಣ್ಯಾತ್ಮನ ನೆನಪಾಗುತ್ತದೆ.

ನಾನು ಕೆಲಸಕ್ಕೆ ಸೇರಿದಾಗ ದಿನಕ್ಕೆ 300 ರೂಪಾಯಿ. ಪ್ರವಾಸ ಇದ್ದ ದಿನಕ್ಕೆ ಮಾತ್ರ. ಊಟ, ವಸತಿ ಅವರದ್ದು. ಮೊದಮೊದಲು ಬಸ್ಸಿನ ಬಾಗಿಲಲ್ಲಿ ನಿಂತು ಸ್ವಾಗತ ಮಾಡಿದರೆ, ಹತ್ತಿದವರು ಬ್ಯಾಗ್ ನನ್ನ ಕೈಗೆ ಕೊಟ್ಟು “ಟೂರ್ ಮ್ಯಾನೇಜರ್ ಎಲ್ಲಿದ್ದಾರಮ್ಮಾ?” ಎಂದು ಕೇಳುತ್ತಿದ್ದರು. ಹೆಣ್ಣುಮಕ್ಕಳಿಗೆ ಇದು ಈಗಲೂ ತಪ್ಪಿಲ್ಲ. ಒಂದು ಉಪಾಯ ಹೇಳುತ್ತೇನೆ. ಜಗಳಕ್ಕೆ ಹೋಗಬೇಡಿ. ಆ ಬ್ಯಾಗ್ ತೆಗೆದುಕೊಂಡು ಸರಿಯಾದ ಸೀಟಿನ ಮೇಲೆ ಇಡಿ. ಅವರ ಹೆಸರು ಹಿಡಿದು ಕರೆಯಿರಿ. ಹೆಸರು ಗೊತ್ತಿರುವವಳೇ ಮ್ಯಾನೇಜರ್ ಎಂದು ಅವರಿಗೇ ಹೊಳೆಯುತ್ತದೆ.

ಕೆಲಸ ಬಸ್ಸು ಹೊರಡುವ ನಾಲ್ಕು ದಿನ ಮೊದಲೇ ಶುರುವಾಗುತ್ತದೆ. ರೂಮಿಂಗ್ ಲಿಸ್ಟ್. ಯಾರ ಜೊತೆ ಯಾರು ಮಲಗಬೇಕು ಎಂಬ ಪಟ್ಟಿ. ಇದೊಂದು ಸಂಸಾರ ಶಾಸ್ತ್ರ. ಅತ್ತೆ ಸೊಸೆ ಒಂದೇ ಕೋಣೆ ಬೇಡ ಎಂದು ಸೊಸೆ ಗುಟ್ಟಾಗಿ ಫೋನ್ ಮಾಡುತ್ತಾಳೆ. ಅರ್ಧ ಗಂಟೆ ಬಿಟ್ಟು ಅತ್ತೆಯೂ ಮಾಡುತ್ತಾರೆ. ಗೊರಕೆ ಹೊಡೆಯುವವರು ತಾವು ಗೊರಕೆ ಹೊಡೆಯುತ್ತೇವೆ ಎಂದು ಯಾವತ್ತೂ ಹೇಳುವುದಿಲ್ಲ. ಸಕ್ಕರೆ ಕಾಯಿಲೆ ಯಾರಿಗಿದೆ, ಮೆಟ್ಟಿಲು ಹತ್ತಲು ಯಾರಿಗೆ ಆಗದು, ಈರುಳ್ಳಿ ಬೆಳ್ಳುಳ್ಳಿ ಯಾರಿಗೆ ಬೇಡ, ಯಾರಿಗೆ ಬಂಗಡೆ ಇಲ್ಲದಿದ್ದರೆ ಊಟವೇ ಅಲ್ಲ, ಎಲ್ಲ ಬರೆದುಕೊಳ್ಳಬೇಕು. ಆಮೇಲೆ ಹೋಟೆಲಿಗೆ ಫೋನ್, ಊಟದವರಿಗೆ ಫೋನ್, ದೋಣಿಯವರಿಗೆ ಫೋನ್. ಪ್ರವಾಸದ ದಿನ ಬೆಳಿಗ್ಗೆ 4:30ಕ್ಕೆ ಎದ್ದು ಎಲ್ಲರಿಗೂ ಮತ್ತೆ ಫೋನ್. ಜನ ನೋಡುವುದು ಸಮುದ್ರ. ನಾನು ನೋಡುವುದು ಗಡಿಯಾರ.

ಈಗ ಅಜ್ಜಿಯ ಕಥೆ.

ಮುರ್ಡೇಶ್ವರ. ಡಿಸೆಂಬರ್ ಕೊನೆಯ ವಾರ. ನೀವು ಆ ವಾರ ಅಲ್ಲಿಗೆ ಹೋಗಿದ್ದರೆ ಗೊತ್ತು, ಮರಳಿಗಿಂತ ಮನುಷ್ಯರು ಜಾಸ್ತಿ. ನನ್ನ ಗುಂಪಿನಲ್ಲಿ 41 ಜನ. ದರ್ಶನ ಮುಗಿಯಿತು. ರಾಜಗೋಪುರದ ಲಿಫ್ಟಿಗೆ ಉದ್ದ ಸಾಲು. 237 ಅಡಿ ಗೋಪುರ, ಮೇಲಿಂದ ಶಿವನ ಮೂರ್ತಿ ಮತ್ತು ಕಡಲು ಒಟ್ಟಿಗೆ ಕಾಣುತ್ತದೆ. ಯಾರೂ ಬಿಡಲು ತಯಾರಿಲ್ಲ. ಒಂದೂವರೆ ಗಂಟೆ ತಡವಾಯಿತು. ನಾನು ಬಾಗಿಲಲ್ಲಿ ನಿಂತು ಎಣಿಸಿದೆ. 41. ಮತ್ತೊಮ್ಮೆ ಎಣಿಸಿದೆ. 41. ಬಸ್ಸು ಬಿಡಿ ಎಂದೆ.

ಹೊನ್ನಾವರದ ಹತ್ತಿರ ಶರಾವತಿ ಸೇತುವೆ ಬಂತು. ಹದಿನಾರನೇ ಸೀಟಿನಿಂದ ಒಬ್ಬ ಯಜಮಾನರು ಮೆಲ್ಲಗೆ ಕೇಳಿದರು, “ತಂಗಿ, ಇದು ಧರ್ಮಸ್ಥಳಕ್ಕೆ ಹೋಗುವ ಬಸ್ಸಲ್ವಾ?”

ಬಸ್ಸು ಉತ್ತರಕ್ಕೆ ಹೋಗುತ್ತಿದೆ. ಧರ್ಮಸ್ಥಳ ದಕ್ಷಿಣಕ್ಕಿದೆ. ಆ ಯಜಮಾನರನ್ನು ನಾನು ಜೀವನದಲ್ಲಿ ನೋಡಿರಲಿಲ್ಲ. ಬಿಳಿ ಬಸ್ಸು, ನೀಲಿ ಪಟ್ಟಿ, ಅಲ್ಲಿ ಹತ್ತು ಬಸ್ಸು ಹಾಗೇ ಇದ್ದವು. ತಮ್ಮದೇ ಎಂದು ಹತ್ತಿ ಕೂತು ನಿದ್ದೆ ಮಾಡಿದ್ದಾರೆ. ಅಂದರೆ ಎಣಿಕೆ ಸರಿ ಇತ್ತು. ಒಬ್ಬರು ಹೊರಗಿನವರು ಸೇರಿದ್ದರು, ನಮ್ಮವರು ಒಬ್ಬರು ಇರಲಿಲ್ಲ. ಯಾರು ಎಂದು ಹುಡುಕಲು ಎರಡು ನಿಮಿಷ ಬೇಕಾಯಿತು. ಒಬ್ಬರೇ ಬಂದಿದ್ದ ಅಜ್ಜಿ. ಪಕ್ಕದ ಸೀಟಿನವರು ‘ಹಿಂದೆ ಎಲ್ಲೋ ಕೂತಿರಬೇಕು’ ಅಂದುಕೊಂಡಿದ್ದರು. ಅವರ ಬಳಿ ಫೋನ್ ಇರಲಿಲ್ಲ.

ಬಸ್ಸು ತಿರುಗಿಸಿದೆವು. ಆ 27 ಕಿಲೋಮೀಟರಿನಲ್ಲಿ ನಾನು ಏನೇನು ಹರಕೆ ಹೊತ್ತೆ ಎಂದು ಇಲ್ಲಿ ಹೇಳುವುದಿಲ್ಲ, ಕೆಲವು ಇನ್ನೂ ತೀರಿಸಿಲ್ಲ. ಹೋಗಿ ನೋಡಿದರೆ ಅಜ್ಜಿ ಚಪ್ಪಲಿ ಬಿಡುವ ಜಾಗದ ಕಟ್ಟೆಯ ಮೇಲೆ ಕೂತು ಶೇಂಗಾ ತಿನ್ನುತ್ತಿದ್ದಾರೆ. ನನ್ನನ್ನು ನೋಡಿ, “ನೀ ಬತ್ತೆ ಹೇಳಿ ಗೊತ್ತಿತ್ತು” ಎಂದರು. ಸಿಟ್ಟು ಇಲ್ಲ, ಏನಿಲ್ಲ. ನಾನೇ ಅತ್ತುಬಿಟ್ಟೆ.

ಅವತ್ತಿನಿಂದ ತಲೆ ಎಣಿಸುವುದು ಬಿಟ್ಟಿದ್ದೇನೆ. ಮುಖ ಎಣಿಸುತ್ತೇನೆ. ಮತ್ತೆ ಜೋಡಿ ಮಾಡುತ್ತೇನೆ. ಒಬ್ಬರೇ ಬಂದವರಿಗೂ ಒಬ್ಬ ಜೋಡಿ. “ನಿಮ್ಮ ಜೋಡಿ ಬಂದರಾ?” ಎಂದು ಕೇಳಿದರೆ ತಪ್ಪು ಆಗುವುದಿಲ್ಲ. ನಮ್ಮ ಕಸುಬಿನವರು ನಾಲ್ಕು ಜನ ಸೇರಿದರೆ ಯಾರು ಯಾರನ್ನು ಎಲ್ಲಿ ಬಿಟ್ಟು ಬಂದೆವು ಎಂಬುದೇ ಮಾತು. ಯಾರನ್ನೂ ಬಿಟ್ಟಿಲ್ಲ ಎನ್ನುವ ಮ್ಯಾನೇಜರ್ ಸಿಕ್ಕರೆ, ಒಂದೋ ಹೊಸಬ, ಇಲ್ಲಾ ಸುಳ್ಳುಗಾರ.

ಆದರೆ ಆ ದಿನ ನನ್ನ ತಪ್ಪು ಎಣಿಕೆಯಲ್ಲಿ ಇರಲಿಲ್ಲ. ಅದಕ್ಕೂ ಹಿಂದೆ ಇತ್ತು. ಆ ಪ್ರವಾಸದಲ್ಲಿ ಒಂದೇ ದಿನಕ್ಕೆ ಐದು ಸ್ಥಳ ಇಟ್ಟಿದ್ದರು. ಐದಕ್ಕೂ ನಾನು ತಲೆಯಾಡಿಸಿದ್ದೆ.

ಲೆಕ್ಕ ಮಾಡೋಣ. ಬೆಂಗಳೂರಿನಿಂದ ರಾತ್ರಿ ಬಸ್ಸು. ಬೆಳಿಗ್ಗೆ ಗೋಕರ್ಣ. ಅಲ್ಲಿಂದ ಯಾಣ, ಮಿರ್ಜಾನ್ ಕೋಟೆ, ಮುರ್ಡೇಶ್ವರ, ಆಮೇಲೆ ಜೋಗ. ಬಸ್ಸಿಗೆ ಒಂದೇ ಬಾಗಿಲು. 40 ಜನ. ಒಬ್ಬರು ಇಳಿಯಲು 15 ಸೆಕೆಂಡ್ ಹಿಡಿಯಿರಿ. ಇಳಿಯಲು ಹತ್ತು ನಿಮಿಷ, ಹತ್ತಲು ಹತ್ತು ನಿಮಿಷ. ಐದು ಸ್ಥಳಕ್ಕೆ 100 ನಿಮಿಷ ಬರೀ ಮೆಟ್ಟಿಲಿನ ಮೇಲೆ ಹೋಯಿತು. ಇದರಲ್ಲಿ ಶೌಚಾಲಯ ಇಲ್ಲ, ಚಹಾ ಇಲ್ಲ, ಚಪ್ಪಲಿ ಹುಡುಕುವುದು ಇಲ್ಲ. ಪೋಸ್ಟರಿನಲ್ಲಿ ಮಾತ್ರ ಐದು ಫೋಟೋ ಚೆಂದ ಕಾಣುತ್ತವೆ. ಮೂರು ಫೋಟೋ ಇರುವ ಪೋಸ್ಟರಿಗಿಂತ ಬೇಗ ಮಾರಾಟ ಆಗುತ್ತದೆ. ಮಾರುವವನು ಆಫೀಸಿನಲ್ಲಿ ಇರುತ್ತಾನೆ. ಬೈಸಿಕೊಳ್ಳುವವಳು ಬಸ್ಸಿನಲ್ಲಿ ಇರುತ್ತಾಳೆ.

ನಮ್ಮ ಹಿರಿಯರ ಗಾದೆ ಗೊತ್ತಲ್ಲ? ಸೊಕ್ಕಿದ್ದವನಿಗೆ ಯಾಣ, ರೊಕ್ಕ ಇದ್ದವನಿಗೆ ಗೋಕರ್ಣ. ಆಗ ಯಾಣಕ್ಕೆ ಹೋಗಲು ಕಾಡಿನಲ್ಲಿ ನಡೆಯುವ ಸೊಕ್ಕು ಬೇಕಿತ್ತು. ಈಗ ವಾಹನ ಹತ್ತಿರದವರೆಗೆ ಹೋಗುತ್ತದೆ. ಭೈರವೇಶ್ವರ ಶಿಖರ 120 ಮೀಟರ್ ಎತ್ತರದ ಕಪ್ಪು ಕಲ್ಲು. ಅದರ ಸೀಳಿನ ಒಳಗೆ ಹೋಗಿ ಮೇಲೆ ನೋಡಲು ಐದು ನಿಮಿಷ ಸಾಕಾಗುವುದಿಲ್ಲ. ಮೊದಲು ಕುತ್ತಿಗೆ ನೋಯಬೇಕು, ಆಮೇಲೆ ಸುಮ್ಮನಾಗಬೇಕು. ಐದು ಸ್ಥಳದ ಪ್ರವಾಸದಲ್ಲಿ ಯಾರಿಗೂ ಕುತ್ತಿಗೆ ನೋಯುವುದಿಲ್ಲ. ಸೆಲ್ಫಿ ತೆಗೆದು ಇಳಿಯುತ್ತಾರೆ.

ಹಾಗಂತ ಐದು ಎಂಬ ಸಂಖ್ಯೆಯೇ ಕೆಟ್ಟದ್ದಲ್ಲ. ನಮ್ಮ ಜಿಲ್ಲೆಯಲ್ಲಿ ಎಲ್ಲಕ್ಕಿಂತ ಹಳೆಯ ಪ್ಯಾಕೇಜ್ ಟೂರ್ ಐದು ಸ್ಥಳದ್ದೇ. ರಾವಣ ಆತ್ಮಲಿಂಗ ತಂದ, ಗಣಪತಿ ಗೋಕರ್ಣದಲ್ಲಿ ಇಟ್ಟುಬಿಟ್ಟ, ಕೀಳಲು ಹೋದಾಗ ಚೂರುಗಳು ಚೆಲ್ಲಿದವು. ಗೋಕರ್ಣ, ಕಾರವಾರದ ಬಳಿ ಸಜ್ಜೇಶ್ವರ, ಕುಮಟಾದ ಬಳಿ ಧಾರೇಶ್ವರ, ಹೊನ್ನಾವರದ ಬಳಿ ಗುಣವಂತೇಶ್ವರ, ಭಟ್ಕಳ ತಾಲೂಕಿನ ಮುರ್ಡೇಶ್ವರ. ಕರಾವಳಿಯ ಉದ್ದಕ್ಕೂ ಐದು ಗುರುತು ಇಟ್ಟು, ಅವನ್ನು ಒಂದು ಕಥೆಯಿಂದ ಹೊಲಿದಿದ್ದಾರೆ. ಇದನ್ನು ಮಾಡಿದವರು ನಮಗಿಂತ ಒಳ್ಳೆಯ ಟೂರ್ ಮ್ಯಾನೇಜರ್‌ಗಳು. ಆ ಐದರಲ್ಲಿ ಒಂದು ಬಿಟ್ಟರೆ ಕಥೆಯ ಹೊಲಿಗೆ ಬಿಚ್ಚುತ್ತದೆ. ನಮ್ಮ ಪೋಸ್ಟರಿನ ಐದರಲ್ಲಿ ಎರಡು ಬಿಟ್ಟರೂ ಏನೂ ಬಿಚ್ಚುವುದಿಲ್ಲ, ಯಾಕೆಂದರೆ ಹೊಲಿಗೆಯೇ ಇಲ್ಲ. ನಾನು ಪಂಚಕ್ಷೇತ್ರ ಮಾಡುವಾಗ ಎರಡು ದಿನ ತೆಗೆದುಕೊಳ್ಳುತ್ತೇನೆ. ಗುಣವಂತೆಯಲ್ಲಿ ಒಂದು ಮಾತು ಜಾಸ್ತಿ ಹೇಳುತ್ತೇನೆ, ಅದು ಯಕ್ಷಗಾನದ ಕೆರೆಮನೆಯವರ ಊರು, 1934ರಲ್ಲಿ ಕಟ್ಟಿದ ಇಡಗುಂಜಿ ಮೇಳದ ಮನೆ. ಅಷ್ಟು ಸಾಕು. ಕೇಳುವವರು ಆಮೇಲೆ ಬಂದು ಕೇಳುತ್ತಾರೆ.

ಮಾತಿನಲ್ಲೂ ಬಿಡುವುದನ್ನು ಕಲಿಯಬೇಕು. ಹೊಸಬರಿಗೆ ಮೈಕು ಸಿಕ್ಕರೆ ಕೆಳಗಿಡುವುದಿಲ್ಲ. ನಾನೂ ಹಾಗೇ ಇದ್ದೆ. ಬನವಾಸಿಗೆ ಹೋಗುವ ದಾರಿಯಲ್ಲಿ ಕದಂಬರು, ಮಯೂರವರ್ಮ, ಇಸವಿಗಳು, ಶಾಸನಗಳು, ಶಿರಸಿಯಿಂದ ಹೊರಟು ಮಧುಕೇಶ್ವರ ದೇವಸ್ಥಾನದ ಬಾಗಿಲು ಬರುವ ತನಕ ಒಂದೇ ಸಮ. ಕನ್ನಡಿಯಲ್ಲಿ ನೋಡಿದರೆ ಮುಕ್ಕಾಲು ಬಸ್ಸು ನಿದ್ದೆ. ಈಗ ಇಳಿಯುವ ಮೊದಲು ಪಂಪನ ಒಂದು ಸಾಲು ಹೇಳುತ್ತೇನೆ, “ಆರಂಕುಸಮಿಟ್ಟೊಡಂ ನೆನೆವುದೆನ್ನ ಮನಂ ಬನವಾಸಿ ದೇಶಮಂ”. ಅಂಕುಶದಿಂದ ತಿವಿದರೂ ನನ್ನ ಮನಸ್ಸು ಬನವಾಸಿಯನ್ನೇ ನೆನೆಯುತ್ತದೆ. ಯುದ್ಧ, ಅರಮನೆ ಎಲ್ಲ ನೋಡಿದ ಮನುಷ್ಯ ಒಂದು ಊರಿನ ಬಗ್ಗೆ ಹೀಗೆ ಹೇಳಿದ್ದಾನೆ ಎಂದರೆ ಇಳಿಯುವವರ ಕಾಲು ತಾನೇ ನಿಧಾನವಾಗುತ್ತದೆ.

ಸಹಸ್ರಲಿಂಗದಲ್ಲಿ ಮೈಕು ಪೂರ್ತಿ ಬಂದ್. ಶಾಲ್ಮಲೆ ನದಿಯ ಕಲ್ಲುಗಳ ಮೇಲೆ ಕೆತ್ತಿದ ಲಿಂಗಗಳ ನಡುವೆ ನೀರು ಹೋಗುವ ಸದ್ದು ಇದೆಯಲ್ಲ, ಅದರ ಮೇಲೆ ನಾನು ಮಾತಾಡಿದರೆ ಅದು ಅಪರಾಧ. ಆದರೆ ಹೊರಡುವ ಮೊದಲೇ ಒಂದು ಮಾತು ಹೇಳಿರುತ್ತೇನೆ. ಮಳೆಗಾಲದಲ್ಲಿ ಬಂದರೆ ಲಿಂಗ ಕಾಣುವುದಿಲ್ಲ, ಎಲ್ಲ ನೀರಿನಡಿ ಇರುತ್ತವೆ. ಜೋಗದ್ದು ಇದರ ಉಲ್ಟಾ. ಲಿಂಗನಮಕ್ಕಿ ಅಣೆಕಟ್ಟು ಆದ ಮೇಲೆ ಬೇಸಿಗೆಯಲ್ಲಿ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ದಾರದ ಹಾಗೆ. ಮಾರ್ಚಿನಲ್ಲಿ ಬಂದು “ನೀರೇ ಇಲ್ಲ, ದುಡ್ಡು ವಾಪಸ್ ಕೊಡಿ” ಎನ್ನುತ್ತಾರೆ. ಟಿಕೆಟ್ ಮಾರುವಾಗ ಸತ್ಯ ಹೇಳಿದ್ದರೆ ಆ ಜಗಳ ಇಲ್ಲ. (ಜೋಗ ನಮ್ಮದಾ, ಶಿವಮೊಗ್ಗದವರದ್ದಾ ಎಂಬ ಜಗಳ ಬೇರೆ. ಸಿದ್ದಾಪುರದವರು ಇಲ್ಲಿ ಇದ್ದೀರಿ, ನಾನು ಬಾಯಿ ಬಿಡುವುದಿಲ್ಲ.)

ಕಾರವಾರದಲ್ಲಿ ನಾನು ಒಂದು ಸಂಜೆ ಪೂರ್ತಿ ಖಾಲಿ ಬಿಡುತ್ತೇನೆ. ಯುದ್ಧನೌಕೆ ಮ್ಯೂಸಿಯಂ ನೋಡುವವರು ನೋಡಲಿ, ಮರಳಿನಲ್ಲಿ ಕೂರುವವರು ಕೂರಲಿ. ಯಾಕೆ ಎಂದು ಕೇಳಿದರೆ ಠಾಕೂರರ ಹೆಸರು ಹೇಳಿ ಬಚಾವಾಗುತ್ತೇನೆ. 1880ರ ದಶಕದ ಆರಂಭದಲ್ಲಿ ರವೀಂದ್ರನಾಥರು ಇಲ್ಲಿ ಬಂದು ಉಳಿದಿದ್ದರು. ಅಣ್ಣ ಸತ್ಯೇಂದ್ರನಾಥರು ಆಗ ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರು. ಒಂದು ಬೆಳದಿಂಗಳ ರಾತ್ರಿ ಕಾಳಿ ನದಿಯಲ್ಲಿ ದೋಣಿಯಲ್ಲಿ ಹೋಗಿ ಬಂದದ್ದನ್ನು ಅವರು ನೆನಪು ಮಾಡಿಕೊಂಡು ಬರೆದಿದ್ದಾರೆ. ಅವರ ಜೊತೆ ಟೂರ್ ಮ್ಯಾನೇಜರ್ ಇರಲಿಲ್ಲ. ಇದ್ದಿದ್ದರೆ ಎಂಟು ಗಂಟೆಗೆ ಊಟಕ್ಕೆ ಎಬ್ಬಿಸಿಕೊಂಡು ಹೋಗುತ್ತಿದ್ದಳು.

ಇನ್ನು ದುಡ್ಡಿನ ವಿಷಯ. ಹೋಮ್‌ಸ್ಟೇಯವರು ಕಾಯುತ್ತಿದ್ದೀರಿ, ಗೊತ್ತು.

ನಮ್ಮ ಕಸುಬಿನ ಒಂದು ಗುಟ್ಟು ಹೇಳುತ್ತೇನೆ. ದಿನಗೂಲಿ ಕಡಿಮೆ ಇಡುತ್ತಾರೆ. ಯಾಕೆಂದರೆ ‘ಉಳಿದದ್ದು ದಾರಿಯಲ್ಲಿ ಸಿಗುತ್ತದೆ’ ಎಂದು ಇಬ್ಬರಿಗೂ ಗೊತ್ತು. ದಾರಿ ಎಂದರೆ ಅಂಗಡಿ. ಗೋಡಂಬಿ, ಕೋಕಂ, ಜೇನು, ಗಂಧದ ಸಾಮಾನು. ಬಸ್ಸು ನಿಲ್ಲಿಸಿದರೆ ಇಷ್ಟು, ಮಾರಾಟದ ಮೇಲೆ ಇಷ್ಟು. ಆಗ್ರಾದಲ್ಲಿ ಅಮೃತಶಿಲೆ, ಕಾಶಿಯಲ್ಲಿ ಸೀರೆ, ಸ್ವಿಟ್ಜರ್ಲೆಂಡಿನಲ್ಲಿ ಗಡಿಯಾರ. ಎಲ್ಲ ಕಡೆ ಒಂದೇ ರಾಗ. ಅಂಗಡಿಗೆ 40 ನಿಮಿಷ, ದೇವಸ್ಥಾನಕ್ಕೆ 25 ನಿಮಿಷ ಎಂದು ಪಟ್ಟಿಯಲ್ಲಿ ಕಂಡರೆ, ಆ ಮ್ಯಾನೇಜರ್ ಕೆಟ್ಟವಳು ಎಂದು ತಿಳಿಯಬೇಡಿ. ಅವಳ ಸಂಬಳ ಯಾರು ಕೊಡುತ್ತಿದ್ದಾರೆ ಎಂದು ನೋಡಿ. ಸಂಬಳ ಕೊಡುವವನ ಬಾಗಿಲಲ್ಲಿ ಬಸ್ಸು ನಿಲ್ಲುತ್ತದೆ.

ನಾನು ಕಮಿಷನ್ ತೆಗೆದುಕೊಂಡಿಲ್ಲವಾ? ತೆಗೆದುಕೊಂಡಿದ್ದೇನೆ. ಹನ್ನೆರಡು ವರ್ಷ. ಮಗಳ ಕಾಲೇಜು ಫೀಸಿನಲ್ಲಿ ಗೋಡಂಬಿ ಅಂಗಡಿಯ ಪಾಲು ಇದೆ. ಆಮೇಲೆ ಬಿಟ್ಟೆ. ದೊಡ್ಡ ಆದರ್ಶ ಏನಲ್ಲ. ಒಂದು ಸಲ ಒಬ್ಬ ಮೇಷ್ಟ್ರು ನನ್ನ ಕಣ್ಣೆದುರೇ ಜೇನು ಕೊಂಡರು. ಅದು ಬೆಲ್ಲದ ಪಾಕ ಎಂದು ನನಗೆ ಗೊತ್ತಿತ್ತು. ಅವರು ನನ್ನ ಕಡೆ ತಿರುಗಿ, “ಚಲೋ ಇದೆಯಲ್ಲಾ ತಂಗಿ?” ಎಂದರು. ಹೂಂ ಎಂದೆ. ಆ ಹೂಂ ಇನ್ನೂ ಗಂಟಲಲ್ಲಿ ಇದೆ. ಈಗ ದಿನಗೂಲಿ ಜಾಸ್ತಿ ಕೇಳುತ್ತೇನೆ, ಅಂಗಡಿ ಇಲ್ಲ ಎನ್ನುತ್ತೇನೆ. ಹಾಗಾಗಿ ಕೆಲಸ ಕಡಿಮೆ ಬರುತ್ತದೆ. ಮಳೆಗಾಲದಲ್ಲಿ ಹೇಗೂ ಕೆಲಸ ಇಲ್ಲ. ಅಡಿಕೆ ತೋಟದಲ್ಲಿ ಕೊಳೆರೋಗಕ್ಕೆ ಔಷಧಿ ಹೊಡೆಯುವ ಆಳಿಗೆ ಆಸರಿಗೆ, ಅಂದರೆ ಕುಡಿಯಲು ಏನಾದರೂ, ಕೊಡುತ್ತಾ ಕೂತಿರುತ್ತೇನೆ. ತೋಟ ಇಲ್ಲದ ಮ್ಯಾನೇಜರ್‌ಗೆ ಈ ಧೈರ್ಯ ಕಷ್ಟ, ಅದನ್ನೂ ಹೇಳಬೇಕು.

ಟಿಪ್ಸ್ ಬಗ್ಗೆ ನಮ್ಮವರಲ್ಲಿ ಎರಡು ಪಂಗಡ. ಮೊದಲ ದಿನವೇ ಮೈಕಿನಲ್ಲಿ ಹೇಳಬೇಕು ಎನ್ನುವವರು, ಬಾಯಿ ಬಿಡಬಾರದು ಎನ್ನುವವರು. ನನಗೆ ನಾನು ಕೇಳುವುದಿಲ್ಲ. ಡ್ರೈವರ್ ಮತ್ತು ಕ್ಲೀನರ್‌ಗೆ ನಾಚಿಕೆ ಇಲ್ಲದೆ ಕೇಳುತ್ತೇನೆ. ಮತ್ತೆ ಅಭಿಪ್ರಾಯದ ಫಾರ್ಮ್ ಇದೆಯಲ್ಲ, ಐದು ನಕ್ಷತ್ರದ್ದು. ಅದನ್ನು ಕೊನೆಯ ರಾತ್ರಿ ಊಟದಲ್ಲಿ ಸಿಹಿ ಬಡಿಸಿದ ಮೇಲೆ ಕೊಡುತ್ತಾರೆ. ಕೊನೆಯ ಊಟ ಯಾವಾಗಲೂ ಚೆಂದ ಇರುವುದು ಇದಕ್ಕೇ. ಇನ್ನು ಮುಂದೆ ಜಿಲೇಬಿ ಬಂದಾಗ ನಿಮಗೆ ನೆನಪಾಗಲಿ.

ಯುರೋಪಿನ ಒಂದು ಪ್ರಸಂಗ ಹೇಳಿ ಮುಂದೆ ಹೋಗುತ್ತೇನೆ. ಎರಡು ಪ್ರಸಂಗ. ಮೊದಲನೆಯದು ಅಪ್ಪೆಮಿಡಿ. ನಮ್ಮ ಕಡೆಯ ಒಬ್ಬರು ಬೇಡವೆಂದರೂ ಉಪ್ಪಿನಕಾಯಿ ಬಾಟಲಿ ತಂದಿದ್ದರು. ಆಲ್ಪ್ಸ್ ಇಳಿಯುವ ತಿರುವಿನಲ್ಲಿ ಅದು ಒಡೆಯಿತು. ಹೊಸ ಬಸ್ಸು, ಬೂದು ಬಣ್ಣದ ಕಾರ್ಪೆಟ್. ತೊಳೆಯುವ ಖರ್ಚು ಕೊಟ್ಟದ್ದು ನಾನು, ವಾಪಸ್ ಬರಲಿಲ್ಲ.

ಎರಡನೆಯದು ಇನ್ನೂ ಮುಖ್ಯ. ಪ್ಯಾರಿಸ್ಸಿಗೆ ಹೋಗುತ್ತಿದ್ದೆವು. ಹೋಟೆಲ್ 20 ಕಿಲೋಮೀಟರ್ ದೂರ. ಎಲ್ಲರಿಗೂ ಹಸಿವು. ಡ್ರೈವರ್ ಬಸ್ಸನ್ನು ಹೆದ್ದಾರಿ ಪಕ್ಕದ ತಂಗುದಾಣಕ್ಕೆ ತಿರುಗಿಸಿ, ಇಂಜಿನ್ ಆಫ್ ಮಾಡಿ, ಇಳಿದು ಹೋಗಿಬಿಟ್ಟ. 45 ನಿಮಿಷ. ಬಸ್ಸಿನಲ್ಲಿ ಗಲಾಟೆ. ನಾನೂ ಕೂಗಾಡಿದೆ. ಅವನು ಕರೆದುಕೊಂಡು ಬಂದು ಸ್ಟೇರಿಂಗ್ ಹತ್ತಿರದ ಯಂತ್ರ ತೋರಿಸಿದ. ಅಲ್ಲಿಯ ಕಾನೂನು ಹೀಗೆ. ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ಬಿಡುವು. ದಿನಕ್ಕೆ 9 ಗಂಟೆ ಓಡಿಸಬಹುದು, ವಾರದಲ್ಲಿ ಎರಡು ದಿನ ಮಾತ್ರ 10. ಎಲ್ಲವೂ ಆ ಯಂತ್ರದಲ್ಲಿ ದಾಖಲಾಗುತ್ತದೆ. ಸುಳ್ಳು ಹೇಳಲು ಆಗದು.

ಬೇಸರದಲ್ಲೇ ಊರಿಗೆ ಬಂದೆ. ಎರಡು ತಿಂಗಳಿಗೆ ಅರಬೈಲು ಘಟ್ಟ ಹತ್ತುತ್ತಿದ್ದೆವು. ಡ್ರೈವರ್ ಹಿಂದಿನ ರಾತ್ರಿ ಬೆಂಗಳೂರಿನಿಂದ ಓಡಿಸಿದವನು, ಹಗಲಿಡೀ ಓಡಿಸಿದವನು. ಕನ್ನಡಿಯಲ್ಲಿ ಅವನ ಕಣ್ಣು ಮುಚ್ಚಿದ್ದು ನೋಡಿದೆ. ಅರ್ಧ ಸೆಕೆಂಡ್ ಇರಬಹುದು. “ಅಣ್ಣಾ, ಬದಿಗೆ ಹಾಕು” ಎಂದೆ. ಜನರಿಗೆ ಟೈರ್ ನೋಡಬೇಕು ಎಂದು ಸುಳ್ಳು ಹೇಳಿದೆ. ಅವನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ 45 ನಿಮಿಷ ಕಾವಲು ಕೂತೆ. ಗಡಿಯಾರ ನೋಡಿಯೇ ಎಬ್ಬಿಸಿದ್ದು. ಆ ಪ್ಯಾರಿಸ್ಸಿನ ಡ್ರೈವರ್‌ಗೆ ಮನಸ್ಸಿನಲ್ಲೇ ಕ್ಷಮೆ ಕೇಳಿದೆ.

ನಮ್ಮಲ್ಲೂ ಕಾನೂನು ಇಲ್ಲ ಅಂತಲ್ಲ. ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ 1961ರಲ್ಲೇ ಬಂದಿತ್ತು. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂಬುದು ಅದರ ಮೂಲ ನಿಯಮವಾಗಿತ್ತು. ಪ್ರವಾಸದ ಪಟ್ಟಿ ಮಾಡುವವರು ಅದನ್ನು ಓದಿದ್ದು ನಾನು ನೋಡಿಲ್ಲ. 40 ಜನರಿಗೆ ಎ.ಸಿ. ಕೋಣೆ ಕೊಡುತ್ತಾರೆ, ಆ 40 ಜೀವ ಕೈಯಲ್ಲಿ ಹಿಡಿದವನು ಬಸ್ಸಿನ ನಡುದಾರಿಯಲ್ಲಿ ಚಾಪೆ ಹಾಸುತ್ತಾನೆ. ಸೊಳ್ಳೆ ಬೇರೆ.

ಬಿಡುವ ಕೆಲಸದ ಕೊನೆಯ ಉದಾಹರಣೆ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿಯಿತು. ನಿಮ್ಮಲ್ಲಿ ಕೆಲವರು ಅಲ್ಲಿಯ ಹೆದ್ದಾರಿ ಬದಿಯ ಅಂಗಡಿಯಲ್ಲಿ ಚಹಾ ಕುಡಿದವರೇ ಇರಬಹುದು. ನನ್ನ ಜೊತೆ ಆಗ ಗೋಕರ್ಣದಲ್ಲಿ 22 ಜನ ಇದ್ದರು. ಮುಂದೆ ಕಾರವಾರ ಇತ್ತು. ಹೆದ್ದಾರಿ ಬಂದ್. ಕಾರವಾರ ಬಿಟ್ಟೆವು, ಘಟ್ಟದ ರಸ್ತೆ ತೆರೆದಿದೆಯಾ ಎಂದು ಪೊಲೀಸರನ್ನು ಕೇಳಿಕೊಂಡು ಹೊನ್ನಾವರದ ಮೇಲೆ ವಾಪಸ್ ಹೊರಟೆವು. ಅಷ್ಟರಲ್ಲಿ ಇಬ್ಬರು ಮೂವರು ಎದ್ದು ನಿಂತರು. “ಮೇಡಂ, ಹತ್ತಿರವೇ ಇದೆಯಲ್ಲ, ಗುಡ್ಡ ಬಿದ್ದ ಜಾಗ ಒಂದು ಸಲ ನೋಡಿ ಬರೋಣ.” ಅಲ್ಲಿ ಮಣ್ಣಿನಡಿ ಜನ ಇದ್ದಾರೆ. ಇವರಿಗೆ ಅದೂ ಒಂದು ಪಾಯಿಂಟ್. ಇಲ್ಲ ಎಂದೆ. ವಾದ ಮಾಡಿದರು. ಮೈಕು ತೆಗೆದು ಬಾಯಿಗಿಟ್ಟು ಮತ್ತೆ ಇಲ್ಲ ಎಂದೆ. ಆ ಪ್ರವಾಸಕ್ಕೆ ಅವರಿಂದ ನನಗೆ ಬಂದದ್ದು ಐದರಲ್ಲಿ ಎರಡು ನಕ್ಷತ್ರ. ಜಿಲೇಬಿ ಬಡಿಸಿದರೂ.

ಇಷ್ಟು ನನ್ನ ಮಾತು. ಪ್ರಶ್ನೆ ಇದ್ದರೆ ಕೇಳಿ.

(ಒಬ್ಬ ವಿದ್ಯಾರ್ಥಿನಿ: ಅಕ್ಕ, ಹೆಣ್ಣುಮಕ್ಕಳು ಈ ಕೆಲಸಕ್ಕೆ ಬಂದರೆ ಮೊದಲು ಏನು ಕಲಿಯಬೇಕು?)

ಶೌಚಾಲಯ. ನಗಬೇಡಿ. ಭಟ್ಕಳದಿಂದ ಕಾರವಾರದ ತನಕ ಯಾವ ಬಂಕಿನಲ್ಲಿ ನೀರು ಬರುತ್ತದೆ, ಯಾವ ಹೋಟೆಲಿನಲ್ಲಿ ಚಿಲಕ ಹಾಕಲು ಆಗುತ್ತದೆ, ಎಲ್ಲಿ ವಯಸ್ಸಾದವರಿಗೆ ಮೆಟ್ಟಿಲು ಇಲ್ಲ, ನನ್ನ ಡೈರಿಯಲ್ಲಿ ಎಲ್ಲ ಇದೆ. ಘಟ್ಟದ ಮೇಲಿನ ರಸ್ತೆಗಳಲ್ಲಿ ಈ ಪಟ್ಟಿ ತುಂಬಾ ಚಿಕ್ಕದು. ಹೆಂಗಸರು ಬೆಳಗಿನಿಂದ ನೀರು ಕುಡಿಯದೆ ಕೂರುತ್ತಾರೆ, ಮಧ್ಯಾಹ್ನಕ್ಕೆ ತಲೆನೋವು, ಸಂಜೆಗೆ ಜಗಳ. ಆ ಡೈರಿಯ ಝೆರಾಕ್ಸ್ ಬೇಕಾದರೆ ಕೊಡುತ್ತೇನೆ.

(ಹೋಮ್‌ಸ್ಟೇ ನಡೆಸುವ ಒಬ್ಬರು: ಹಾಗಾದರೆ ನಾವು ಕಮಿಷನ್ ಕೊಡುವುದು ನಿಲ್ಲಿಸಬೇಕಾ? ನಿಲ್ಲಿಸಿದರೆ ಬಸ್ಸು ಪಕ್ಕದ ಮನೆಗೆ ಹೋಗುತ್ತದೆ.)

ಹೋಗುತ್ತದೆ, ನಿಜ. ನಿಲ್ಲಿಸಿ ಎಂದು ನಾನು ಹೇಳುವುದಿಲ್ಲ. ಆ ದುಡ್ಡನ್ನು ಮ್ಯಾನೇಜರ್ ಜೇಬಿಗೆ ಹಾಕುವ ಬದಲು ಬಿಲ್ಲಿನಲ್ಲಿ ಕಡಿಮೆ ಮಾಡಿ ತೋರಿಸಿ. ಕಂಪನಿ ಆಗ ನಮಗೆ ಸರಿಯಾದ ದಿನಗೂಲಿ ಕೊಡಬಹುದು. ಕೊಡದೆಯೂ ಇರಬಹುದು. ಮತ್ತೆ ನೀವು ತೊಡದೇವು (ತೆಳ್ಳನೆಯ ಸಿಹಿ ತಿಂಡಿ) ಮಾಡುವುದನ್ನು ಎದುರಿಗೇ ಮಾಡಿ ತೋರಿಸಿ. ಮಡಕೆಯ ಮೇಲೆ ಅದು ಕಾಗದದ ಹಾಗೆ ಏಳುವುದನ್ನು ನೋಡಲು ನನ್ನ ಗುಂಪು ಒಂದು ಗಂಟೆ ನಿಂತಿದೆ. ಯಾರೂ ಗಡಿಯಾರ ನೋಡಲಿಲ್ಲ, ನಾನೂ ನೋಡಲಿಲ್ಲ.

(ಒಬ್ಬ ಡ್ರೈವರ್: ಮೇಡಂ, ಡ್ರೈವರ್ ರೂಮ್ ವಿಷಯ ಮಾತಾಡಿದಿರಿ. ಮಾತಾಡಿದ್ದಷ್ಟೇನಾ, ಏನಾದರೂ ಮಾಡಿದ್ದೀರಾ?)

ಸರಿಯಾದ ಪ್ರಶ್ನೆ. ಈಗ ಒಪ್ಪಂದದಲ್ಲಿ ಬರೆಸಿಕೊಳ್ಳುತ್ತೇನೆ. ಡ್ರೈವರ್ ಮತ್ತು ಕ್ಲೀನರ್‌ಗೆ ಹಾಸಿಗೆ ಇರುವ ಕೋಣೆ, ಇಲ್ಲದಿದ್ದರೆ ನಾನು ಬರುವುದಿಲ್ಲ ಎಂದು. ಕಳೆದ ವರ್ಷ ಇದರಿಂದ ಎರಡು ಕೆಲಸ ಹೋದವು. ಮೂರನೆಯವರು ಒಪ್ಪಿದರು. ಕೋಣೆ ಕೊಟ್ಟರು. ರಾತ್ರಿ ಹೋಗಿ ನೋಡಿದೆ, ಹಾಸಿಗೆ ಇತ್ತು, ಫ್ಯಾನ್ ಇರಲಿಲ್ಲ. ಡ್ರೈವರ್ ಮತ್ತೆ ಬಸ್ಸಿನಲ್ಲೇ ಮಲಗಿದ್ದ. ಈ ಸಲ ಒಪ್ಪಂದದಲ್ಲಿ ಫ್ಯಾನ್ ಅಂತಲೂ ಬರೆಸಿದ್ದೇನೆ.